ಚೀನಾ ಕೈಬಿಟ್ಟದ್ದು ಸೋಯಾ, ಹೆಚ್ಚು ಹಣ ಮೆಕ್ಕೆಜೋಳಕ್ಕೆ: ಅಮೆರಿಕದ ರೈತರ ಸಹಾಯಧನದ ಒಳಲೆಕ್ಕ

2025ರ ಡಿಸೆಂಬರ್ 8ರಂದು ಅಮೆರಿಕ ಸರ್ಕಾರ ತನ್ನ ರೈತರಿಗೆ 1,200 ಕೋಟಿ ಡಾಲರ್ ನೆರವು ಘೋಷಿಸಿತು. ಆಗಿನ ವಿನಿಮಯ ದರದಲ್ಲಿ ಅದು ಒಂದು ಲಕ್ಷ ಕೋಟಿ ರೂಪಾಯಿಯನ್ನು ಮೀರುತ್ತದೆ. ಚೀನಾದೊಂದಿಗಿನ ಸುಂಕ ಸಮರದಲ್ಲಿ ಕೈಸುಟ್ಟುಕೊಂಡವರು ಸೋಯಾ ಬೆಳೆಗಾರರು, ಹಾಗಾಗಿ ಇದು ಅವರ ಗಾಯಕ್ಕೆ ಮುಲಾಮು ಎಂದೇ ಹೆಚ್ಚಿನವರು ಅರ್ಥ ಮಾಡಿಕೊಂಡರು. ವರ್ಷದ ಕೊನೆಯ ದಿನ ಬೆಳೆವಾರು ದರಪಟ್ಟಿ ಹೊರಬಿತ್ತು. ಎಕರೆಗೆ ಭತ್ತಕ್ಕೆ 132.89 ಡಾಲರ್, ಹತ್ತಿಗೆ 117.35, ಮೆಕ್ಕೆಜೋಳಕ್ಕೆ 44.36, ಗೋಧಿಗೆ 39.35. ಸೋಯಾಗೆ 30.88. ಪೆಟ್ಟು ತಿಂದ ಬೆಳೆಗೇ ಈ ಐದರಲ್ಲಿ ಕಡಿಮೆ ಹಣ!

ಇದು ಪಕ್ಷಪಾತವೂ ಅಲ್ಲ, ಗುಮಾಸ್ತರ ಕೈತಪ್ಪೂ ಅಲ್ಲ. ಅಮೆರಿಕದ ಕೃಷಿ ಸಹಾಯಧನ ರೈತನ ಮುಖ ನೋಡಿ ಬರುವುದಿಲ್ಲ, ಅವನ ಹೊಲದ ನಷ್ಟ ನೋಡಿಯೂ ಬರುವುದಿಲ್ಲ. ಅದು ಒಂದು ಸರಾಸರಿಯನ್ನೋ ಒಂದು ಹಳೆಯ ದಾಖಲೆಯನ್ನೋ ನೋಡಿ ಬರುತ್ತದೆ. ಯಾವ ಸರಾಸರಿ, ಎಷ್ಟು ಹಳೆಯ ದಾಖಲೆ ಎಂಬುದು ಯೋಜನೆಯಿಂದ ಯೋಜನೆಗೆ ಬೇರೆ. ನಮ್ಮ ಜಿಲ್ಲೆಯಂಥ ಆಡಳಿತ ಘಟಕವಾದ ಒಂದೇ ಹಳ್ಳಿಗಾಡಿನ ಕೌಂಟಿಗೆ ಮೂರು ದಾರಿಯಿಂದ ಹಣ ಬರುತ್ತದೆ, ಮೂರಕ್ಕೂ ಅಳತೆಗೋಲು ಬೇರೆ ಬೇರೆ. ಗೊಂದಲ ಹುಟ್ಟುವುದೇ ಇಲ್ಲಿ.

ಕೌಂಟಿ ಎಂಬ ಅಳತೆ

ಅಮೆರಿಕದ ರಾಜ್ಯಗಳು ಕೌಂಟಿಗಳಾಗಿ ಹಂಚಿಹೋಗಿವೆ. ದೇಶದಲ್ಲಿ ಅಂಥವು ಮೂರು ಸಾವಿರಕ್ಕೂ ಹೆಚ್ಚು. ಮೆಕ್ಕೆಜೋಳ ಮತ್ತು ಸೋಯಾ ಎರಡರಲ್ಲೂ ಮುಂಚೂಣಿಯಲ್ಲಿರುವ ಇಲಿನಾಯ್ಸ್ ರಾಜ್ಯದ ಮೆಕ್ಲೇನ್ ಕೌಂಟಿಯ ವಿಸ್ತೀರ್ಣ ಸುಮಾರು 3,060 ಚದರ ಕಿಲೋಮೀಟರ್. ನಮ್ಮ ಕೊಡಗು ಜಿಲ್ಲೆಗಿಂತ ಚಿಕ್ಕದು. ಆದರೂ ಆ ರಾಜ್ಯದ ಕೌಂಟಿಗಳಲ್ಲಿ ಅದೇ ದೊಡ್ಡದು.

ಕೇಂದ್ರ ಕೃಷಿ ಇಲಾಖೆಯ ಅಂಗವಾದ ಫಾರ್ಮ್ ಸರ್ವಿಸ್ ಏಜೆನ್ಸಿಗೆ ದೇಶದಾದ್ಯಂತ ಎರಡು ಸಾವಿರಕ್ಕೂ ಹೆಚ್ಚು ಕೌಂಟಿ ಕಚೇರಿಗಳಿವೆ. ಒಂದೊಂದಕ್ಕೂ ಸ್ಥಳೀಯ ರೈತರೇ ಚುನಾಯಿಸಿದ ಸಮಿತಿ ಇದೆ. 1930ರ ದಶಕದ ಮಹಾಕುಸಿತದ ಕಾಲದಲ್ಲಿ ಫ್ರಾಂಕ್ಲಿನ್ ರೂಸ್‌ವೆಲ್ಟ್ ಸರ್ಕಾರ ಮೊದಲ ಬಾರಿಗೆ ರೈತರಿಗೆ ಹಣ ಕೊಡಲು ಹೊರಟಾಗ, ಯಾರು ಎಷ್ಟು ಎಕರೆ ಬಿತ್ತಿದ್ದಾರೆ ಎಂದು ವಾಷಿಂಗ್ಟನ್ನಿನಲ್ಲಿ ಕುಳಿತು ತಿಳಿಯಲು ಸಾಧ್ಯವಿರಲಿಲ್ಲ. ಊರಿನವರಿಗೆ ಗೊತ್ತಿತ್ತು. ಸಮಿತಿ ಪದ್ಧತಿ ಅಲ್ಲಿಂದ ಬಂದದ್ದು.

ಈಗಲೂ ಪ್ರತಿ ಬೇಸಿಗೆಯಲ್ಲಿ ರೈತ ಆ ಕಚೇರಿಗೆ ತನ್ನ ಬಿತ್ತನೆಯ ಲೆಕ್ಕ ಒಪ್ಪಿಸುತ್ತಾನೆ. ಮುಂದೆ ಹರಡುವುದು ವಿಮಾನದಿಂದ ತೆಗೆದ ಚಿತ್ರದ ನಕ್ಷೆ. ಅದರ ಮೇಲೆ ಹೊಲಗಳಿಗೆ ಗೆರೆ, ಗೆರೆಯೊಳಗೆ ಸಂಖ್ಯೆ. ನಮ್ಮ ಸರ್ವೆ ನಂಬರು, ಹಿಸ್ಸಾ ಇದ್ದ ಹಾಗೆ ಅಲ್ಲಿ ಫಾರ್ಮ್ ನಂಬರು, ಟ್ರ್ಯಾಕ್ಟ್ ನಂಬರು. ಯಾವ ಗೆರೆಯೊಳಗೆ ಯಾವ ಬೆಳೆ, ಯಾವ ದಿನ ಬಿತ್ತನೆ, ಇಳುವರಿಯಲ್ಲಿ ಯಾರ ಪಾಲು ಎಷ್ಟು ಎಂದು ಬರೆಸಿ ಸಹಿ ಹಾಕಬೇಕು. ಪಹಣಿಯಲ್ಲಿ ಬೆಳೆ ಕಾಲಂ ತುಂಬಿಸಲು ಓಡಾಡಿದವರಿಗೆ ಇದು ಅಪರಿಚಿತ ದೃಶ್ಯವೇನಲ್ಲ. ಮುಂದಿನ ಪಾವತಿಗಳೆಲ್ಲ ಈ ಕಾಗದದ ಮೇಲೆ ನಿಂತಿವೆ.

ಹೊಸ ಹಣ: ಇಡೀ ದೇಶಕ್ಕೆ ಒಂದೇ ದರ

ಡಿಸೆಂಬರಿನಲ್ಲಿ ಘೋಷಿಸಿದ್ದಕ್ಕೆ ಸರ್ಕಾರ ಇಟ್ಟ ಹೆಸರಿನಲ್ಲೇ ‘ಸೇತುವೆ’ ಇದೆ. 1,200 ಕೋಟಿಯಲ್ಲಿ 1,100 ಕೋಟಿ ಡಾಲರ್ ಧಾನ್ಯ, ಎಣ್ಣೆಕಾಳು, ಹತ್ತಿಯಂಥ ಬೆಳೆಗಳಿಗೆ. ಉಳಿದ 100 ಕೋಟಿ ಹಣ್ಣು, ತರಕಾರಿ ಮುಂತಾದವಕ್ಕೆ. 2025ರಲ್ಲಿ ನಿಜವಾಗಿ ಬಿತ್ತಿದ ಎಕರೆಗೆ ಇಂತಿಷ್ಟು ಎಂದು ಪಾವತಿ.

ದರ ಕಟ್ಟಿದ ರೀತಿ ಹೀಗೆ. ಕೃಷಿ ಇಲಾಖೆಯ ಅರ್ಥಶಾಸ್ತ್ರಜ್ಞರು ಒಂದು ಎಕರೆ ಬೆಳೆಯಲು ದೇಶದ ಸರಾಸರಿ ಖರ್ಚೆಷ್ಟು ಎಂದು ಲೆಕ್ಕ ಇಡುತ್ತಾರೆ. ಸರಾಸರಿ ಇಳುವರಿಯನ್ನು ಬೆಲೆಯಿಂದ ಗುಣಿಸಿದರೆ ಆದಾಯ. ಖರ್ಚಿನಿಂದ ಆದಾಯ ಕಳೆದು ಬಂದ ನಷ್ಟದ ಒಂದು ಪಾಲು ಪರಿಹಾರವಾಗುತ್ತದೆ. ಈ ಸೂತ್ರದಲ್ಲಿ ಚೀನಾ ಎಂಬ ಪದವೇ ಇಲ್ಲ. ಮೆಕ್ಕೆಜೋಳ ಯೂರಿಯಾ, ಅಮೋನಿಯಾಗಳನ್ನು ಕುಡಿಯುವ ಬೆಳೆ. ಭೂಮಿಯ ಬಾಡಿಗೆಯೂ ಸೇರಿ ಎಕರೆ ಖರ್ಚು 800 ಡಾಲರ್ ದಾಟುತ್ತದೆ. ಸೋಯಾ ದ್ವಿದಳ ಸಸ್ಯ, ತನ್ನ ಸಾರಜನಕವನ್ನು ಬಹುಮಟ್ಟಿಗೆ ತಾನೇ ಹೊಂದಿಸಿಕೊಳ್ಳುತ್ತದೆ. ಅದರ ಖರ್ಚು ಕಡಿಮೆ. ಮೇಲಾಗಿ 2025ರಲ್ಲಿ ಮೆಕ್ಕೆಜೋಳದ ಫಸಲು 1,600 ಕೋಟಿ ಬುಷೆಲ್ (ಮೆಕ್ಕೆಜೋಳದ ಒಂದು ಬುಷೆಲ್ ಅಂದರೆ ಸುಮಾರು 25 ಕಿಲೋ) ಮೀರಿ ದಾಖಲೆ ಬರೆಯಿತು, ಬೆಲೆ ಒತ್ತಡಕ್ಕೆ ಸಿಲುಕಿತು. ಖರ್ಚು ಹೆಚ್ಚು, ಬೆಲೆ ಕಡಿಮೆ, ಆದ್ದರಿಂದ ಕಾಗದದ ಮೇಲಿನ ನಷ್ಟವೂ ಹೆಚ್ಚು. ಸೋಯಾ ಕಡೆ ಅಕ್ಟೋಬರ್ ಕೊನೆಯಲ್ಲಿ ಟ್ರಂಪ್ ಮತ್ತು ಷಿ ಜಿನ್‌ಪಿಂಗ್ ದಕ್ಷಿಣ ಕೊರಿಯಾದ ಬೂಸಾನಿನಲ್ಲಿ ಭೇಟಿಯಾಗಿ, ಚೀನಾ ಮತ್ತೆ ಕೊಳ್ಳಲು ಒಪ್ಪಿದ್ದರಿಂದ ಬೆಲೆ ಚೇತರಿಸಿಕೊಂಡಿತ್ತು. ಹೀಗೆ ರಾಜಕೀಯ ಭಾಷಣದಲ್ಲಿ ಸೋಯಾ ನಾಯಕ, ಲೆಕ್ಕದ ಪುಸ್ತಕದಲ್ಲಿ ಮೆಕ್ಕೆಜೋಳ.

ದೇಶಕ್ಕೆಲ್ಲ ಒಂದೇ ದರ ಇಟ್ಟದ್ದರ ಪರಿಣಾಮವನ್ನೂ ನೋಡಬೇಕು. ಮೆಕ್ಲೇನಿನ ಕಪ್ಪು ಮಣ್ಣಿನಲ್ಲಿ ಎಕರೆಗೆ 200 ಬುಷೆಲ್ ದಾಟಿ ಬೆಳೆಯುವವನಿಗೂ 44.36, ಪಶ್ಚಿಮ ಬಯಲಿನ ಒಣಭೂಮಿಯಲ್ಲಿ ಅದರ ಅರ್ಧ ಕಾಣದವನಿಗೂ 44.36. ಸಾವಿರ ಎಕರೆಯಲ್ಲಿ ಅರ್ಧ ಮೆಕ್ಕೆಜೋಳ, ಅರ್ಧ ಸೋಯಾ ಹಾಕಿದ ಇಲಿನಾಯ್ಸ್ ರೈತನಿಗೆ ಬರುವುದು 37,620 ಡಾಲರ್. ಅಲ್ಲಿ ಒಳ್ಳೆಯ ಭೂಮಿಯ ಗುತ್ತಿಗೆಯೇ ಎಕರೆಗೆ 250 ಡಾಲರ್ ಮೀರುತ್ತದೆ. ಅಂದರೆ ಸಾವಿರ ಎಕರೆಯ ನೆರವು 150 ಎಕರೆಯ ವರ್ಷದ ಬಾಡಿಗೆಗೆ ಸರಿಹೋಯಿತು.

ಈ ಹಣ ಬಂದದ್ದಾದರೂ ಎಲ್ಲಿಂದ? ಸುಂಕದ ಆದಾಯದಿಂದ ಎಂದು ಅಧ್ಯಕ್ಷರು ಹೇಳಿದರು. ಕಾನೂನಿನ ಪ್ರಕಾರ ಇದರ ಬಹುಪಾಲು ಹೊರಡುವುದು ಕಮಾಡಿಟಿ ಕ್ರೆಡಿಟ್ ಕಾರ್ಪೊರೇಷನ್ ಎಂಬ ಸರ್ಕಾರಿ ಸಂಸ್ಥೆಯಿಂದ. 1933ರಲ್ಲಿ ಹುಟ್ಟಿದ ಅದಕ್ಕೆ ಖಜಾನೆಯಿಂದ 3,000 ಕೋಟಿ ಡಾಲರ್ ತನಕ ಸಾಲ ಎತ್ತುವ ಅಧಿಕಾರವಿದೆ. ಪ್ರತಿ ಬಾರಿ ಸಂಸತ್ತಿನ ಹೊಸ ಮತ ಬೇಕಿಲ್ಲ. ಇಂಥ ಹಠಾತ್ ನೆರವುಗಳು ಇಷ್ಟು ವೇಗವಾಗಿ ಹುಟ್ಟುವುದರ ಗುಟ್ಟು ಇದು.

2019ರ ಅನುಭವ: ಕೌಂಟಿಗೊಂದು ದರ

ಇದೇ ಕಥೆಯ ಹಿಂದಿನ ಅಧ್ಯಾಯ 2018–19ರದ್ದು. ಟ್ರಂಪ್ ಅವರ ಮೊದಲ ಅವಧಿಯಲ್ಲಿ ಚೀನಾದೊಂದಿಗೆ ಜಗಳ ಶುರುವಾದಾಗ ಎರಡು ವರ್ಷಗಳಲ್ಲಿ 2,800 ಕೋಟಿ ಡಾಲರ್ ನೆರವು ಘೋಷಣೆಯಾಗಿತ್ತು. ಮೊದಲ ವರ್ಷ ಬೆಳೆವಾರು ಕೊಟ್ಟರು: ಸೋಯಾ ಬುಷೆಲ್‌ಗೆ 1.65 ಡಾಲರ್, ಮೆಕ್ಕೆಜೋಳ ಬುಷೆಲ್‌ಗೆ ಒಂದು ಸೆಂಟ್. ಹೌದು, ಒಂದೇ ಸೆಂಟ್. ಮೆಕ್ಕೆಜೋಳದವರು ಕೆಂಡವಾದರು. ಇದೇ ದರ ಮುಂದುವರಿಸಿದರೆ ಪರಿಹಾರಕ್ಕಾಗಿಯೇ ಎಲ್ಲರೂ ಸೋಯಾ ಬಿತ್ತಿ, ಮಾರುಕಟ್ಟೆ ಇಲ್ಲದ ಬೆಳೆಯ ರಾಶಿ ಇನ್ನಷ್ಟು ಬೆಳೆಯುವ ಅಪಾಯವೂ ಇತ್ತು.

ಹಾಗಾಗಿ 2019ರಲ್ಲಿ ಬೆಳೆಯ ಬದಲು ಕೌಂಟಿಯನ್ನೇ ಅಳತೆಯಾಗಿ ಹಿಡಿದರು. ಕೌಂಟಿಯ ಒಟ್ಟಾರೆ ಬೆಳೆ ಮಿಶ್ರಣಕ್ಕೆ ವ್ಯಾಪಾರದ ಏಟು ಎಷ್ಟು ಬಿದ್ದಿದೆ ಎಂದು ಅಂದಾಜಿಸಿ ಎಕರೆಗೆ 15ರಿಂದ 150 ಡಾಲರ್‌ವರೆಗೆ ಒಂದು ದರ. ಅರ್ಹ ಬೆಳೆಗಳಲ್ಲಿ ಯಾವುದನ್ನು ಬಿತ್ತಿದರೂ ಆ ಕೌಂಟಿಯಲ್ಲಿ ಅಷ್ಟೇ. ಬಿತ್ತನೆಯ ನಿರ್ಧಾರ ಕೆಡಬಾರದೆಂಬ ಉದ್ದೇಶ ಒಳ್ಳೆಯದೇ. ಆದರೆ ಹತ್ತಿ ಹೆಚ್ಚಿರುವ ದಕ್ಷಿಣದ ಕೌಂಟಿಗಳ ದರ ಮೇಲಕ್ಕೆ ಹೋಯಿತು. ಒಂದು ರೈತ ಘಟಕಕ್ಕೆ ಸಂದ ಸರಾಸರಿ ಮೊತ್ತದಲ್ಲಿ ಜಾರ್ಜಿಯಾ ರಾಜ್ಯ ಎಲ್ಲಕ್ಕಿಂತ ಮೇಲಿತ್ತು ಎಂದು ಸಂಸತ್ತಿನ ಲೆಕ್ಕಪರಿಶೋಧನಾ ಕಚೇರಿಯೇ 2020ರಲ್ಲಿ ತೋರಿಸಿತು. ಒಂದೇ ಬೆಳೆಯ ಎರಡು ಹೊಲಗಳು. ನಡುವೆ ಒಂದು ಕೌಂಟಿ ಗಡಿಯ ರಸ್ತೆ. ರಸ್ತೆಯ ಆಚೆಗೊಂದು ದರ, ಈಚೆಗೊಂದು ದರ. ಈ ಬಾರಿ ರಾಷ್ಟ್ರಮಟ್ಟದ ಏಕದರಕ್ಕೆ ಮರಳಿದ್ದರಿಂದ ರಸ್ತೆಯ ಜಗಳ ತಪ್ಪಿತು. ಮಣ್ಣಿನ ಜಗಳ ಉಳಿಯಿತು.

ಬೇಸ್ ಎಕರೆ: ಬಿತ್ತದ ಬೆಳೆಗೂ ಹಣ

ತುರ್ತು ನೆರವು ಸುದ್ದಿಯಾಗುತ್ತದೆ. ಸುದ್ದಿಯಾಗದೆ ವರ್ಷವರ್ಷವೂ ನಡೆಯುವ ಕಾಯಂ ಪದ್ಧತಿ ಬೇರೆಯೇ ಇದೆ. ಹೊರಗಿನವರು ಅಷ್ಟೇ ಏಕೆ, ಅಲ್ಲಿನ ರೈತರೂ ಕಚೇರಿಯ ಮೇಜಿನ ಮುಂದೆ ತಡವರಿಸುವುದು ಇದರಲ್ಲಿ.

ಈ ಪದ್ಧತಿಯಲ್ಲಿ ಹಣ ಸಿಗುವುದು ಈ ವರ್ಷ ಬಿತ್ತಿದ ಎಕರೆಗೆ ಅಲ್ಲ, ‘ಬೇಸ್ ಎಕರೆ’ಗೆ. ಆ ಜಮೀನಿನಲ್ಲಿ ಹಿಂದೊಮ್ಮೆ ಯಾವ ಬೆಳೆ ಎಷ್ಟು ಎಕರೆ ಇತ್ತು ಎಂಬ ಸರ್ಕಾರಿ ದಾಖಲೆಯೇ ಬೇಸ್ ಎಕರೆ. ಕೆಲವು ಜಮೀನುಗಳ ದಾಖಲೆ 1980ರ ದಶಕದ್ದು, ಹಲವು 1998ರಿಂದ 2001ರ ಬಿತ್ತನೆಯದು. ದಾಖಲೆಯಲ್ಲಿ 100 ಎಕರೆ ಮೆಕ್ಕೆಜೋಳದ ಬೇಸ್ ಇದ್ದು, ಈಗ ಅಲ್ಲಿ ಸೋಯಾ ನಿಂತಿದ್ದರೂ, ಮೆಕ್ಕೆಜೋಳದ ಬೆಲೆ ಬಿದ್ದರೆ ಆ ಜಮೀನಿಗೆ ಹಣ ಬರುತ್ತದೆ. ಸೋಯಾ ಬೆಲೆ ಬಿದ್ದರೆ ಬರುವುದಿಲ್ಲ.

ವಿಚಿತ್ರವಾಗಿ ಕಂಡರೂ ಇದಕ್ಕೆ ತರ್ಕವಿದೆ. ಬಿತ್ತಿದ ಬೆಳೆಗೆ ಹಣ ಕೊಟ್ಟರೆ ರೈತ ಮಾರುಕಟ್ಟೆ ನೋಡದೆ ಸಹಾಯಧನ ನೋಡಿ ಬಿತ್ತುತ್ತಾನೆ. ಉತ್ಪಾದನೆ ಉಬ್ಬಿ ಬೆಲೆ ಇನ್ನಷ್ಟು ಕುಸಿಯುತ್ತದೆ. ವಿಶ್ವ ವ್ಯಾಪಾರ ಸಂಸ್ಥೆಯ ನಿಯಮಗಳೂ ಅಂಥ ಸಹಾಯಧನವನ್ನು ಹೆಚ್ಚು ಬಿಗಿಯಾಗಿ ಅಳೆಯುತ್ತವೆ. ಅದಕ್ಕೇ ಬಿತ್ತನೆಗೂ ಹಣಕ್ಕೂ ಇದ್ದ ಗಂಟನ್ನು ಬಿಚ್ಚಿದರು. ಗಂಟು ಬಿಚ್ಚಿದ ಮೇಲೆ ಹಣ ಜಮೀನಿನ ಬೆನ್ನು ಹತ್ತಿತು. ಟೆಕ್ಸಸ್‌ನಲ್ಲಿ ಹಿಂದೆ ಭತ್ತದ ಗದ್ದೆಗಳಾಗಿದ್ದ ಜಾಗದಲ್ಲಿ ಮನೆ ಕಟ್ಟಿಕೊಂಡವರಿಗೂ, ಭತ್ತದ ಒಂದು ಕಾಳು ಬಿತ್ತದಿದ್ದರೂ, ಸಹಾಯಧನ ಬರುತ್ತಿದ್ದುದನ್ನು 2006ರಲ್ಲಿ ವಾಷಿಂಗ್ಟನ್ ಪೋಸ್ಟ್ ಪತ್ರಿಕೆ ಬಯಲಿಗೆಳೆಯಿತು. ಆಗಿನ ನೇರ ಪಾವತಿ 2014ರಲ್ಲಿ ರದ್ದಾಯಿತು. ಬೇಸ್ ಎಕರೆ ರದ್ದಾಗಲಿಲ್ಲ.

ಈಗ ಬೇಸ್ ಎಕರೆಯ ಮೇಲೆ ಎರಡು ಯೋಜನೆಗಳಿವೆ, ಸಾಮಾನ್ಯವಾಗಿ ರೈತ ಒಂದನ್ನು ಆರಿಸಿಕೊಳ್ಳಬೇಕು. ಮೊದಲನೆಯದು ಬೆಲೆ ನಷ್ಟದ್ದು. ಕಾನೂನಿನಲ್ಲಿ ಬರೆದ ಆಧಾರ ಬೆಲೆಗಿಂತ ವರ್ಷದ ಸರಾಸರಿ ಮಾರುಕಟ್ಟೆ ಬೆಲೆ ಕೆಳಗಿಳಿದರೆ ವ್ಯತ್ಯಾಸ ಸರ್ಕಾರದ್ದು. ನಮ್ಮ ಬೆಂಬಲ ಬೆಲೆಯಂತೆ ಕಂಡರೂ ಸರ್ಕಾರ ಒಂದು ಚೀಲವನ್ನೂ ಖರೀದಿಸುವುದಿಲ್ಲ. ಆಧಾರ ಬೆಲೆ ಬುಷೆಲ್‌ಗೆ 4.10 ಡಾಲರ್ ಇದ್ದು ಮಾರುಕಟ್ಟೆ 3.90ಕ್ಕೆ ನಿಂತಿತು ಎನ್ನಿ. ಕೊರತೆ 20 ಸೆಂಟ್. ಜಮೀನಿನ ದಾಖಲಿತ ಇಳುವರಿ 150 ಬುಷೆಲ್, ಬೇಸ್ 100 ಎಕರೆ. ಹಣ ಅದರ ಶೇ 85ಕ್ಕೆ ಮಾತ್ರ. 2,550 ಡಾಲರ್ ಬಂತು.

ಎರಡನೆಯದರಲ್ಲಿ ಕೌಂಟಿ ಮತ್ತೆ ಬಾಗಿಲು ತಟ್ಟುತ್ತದೆ. ಕೌಂಟಿಯ ಹಿಂದಿನ ಐದು ವರ್ಷಗಳ ಇಳುವರಿಯಲ್ಲಿ ಅತಿ ಹೆಚ್ಚು, ಅತಿ ಕಡಿಮೆ ಬಿಟ್ಟು ಉಳಿದ ಮೂರರ ಸರಾಸರಿ, ಬೆಲೆಗೂ ಹಾಗೆಯೇ. ಎರಡನ್ನೂ ಗುಣಿಸಿದರೆ ಎಕರೆಯ ಮಾನದಂಡ ಆದಾಯ. ಅದು 1,000 ಡಾಲರ್ ಎಂದುಕೊಳ್ಳಿ. ಅದರ ಶೇ 90, ಅಂದರೆ 900 ಡಾಲರ್, ಖಾತರಿ. ಈ ವರ್ಷ ಕೌಂಟಿಯ ಸರಾಸರಿ ಆದಾಯ 860 ಆದರೆ ಎಕರೆಗೆ 40 ಡಾಲರ್, ಅದೂ ಬೇಸ್‌ನ ಶೇ 85ಕ್ಕೆ. ಪಕ್ಕದ ಕೌಂಟಿಯಲ್ಲಿ ಒಂದು ಮಳೆ ಹೆಚ್ಚು ಬಿದ್ದು 910 ಆಯಿತೋ, ಅಲ್ಲಿ ಸೊನ್ನೆ.

ಆಲಿಕಲ್ಲಿಗೆ ಸಿಕ್ಕಿ ನಿಮ್ಮ ಹೊಲ ಮಣ್ಣುಪಾಲಾಗಿ, ಕೌಂಟಿಯ ಉಳಿದೆಡೆ ಬಂಪರ್ ಬೆಳೆ ಬಂದಿದ್ದರೆ ಈ ಯೋಜನೆಯಿಂದ ನಿಮಗೆ ಬಿಡಿಗಾಸೂ ಇಲ್ಲ. ನಿಮ್ಮದು ಸಮೃದ್ಧವಾಗಿದ್ದು ಕೌಂಟಿಯೆಲ್ಲ ಸೊರಗಿದರೆ ಹಣ ಬಂದೇ ಬರುತ್ತದೆ. ಸ್ವಂತ ಹೊಲದ ನಷ್ಟಕ್ಕೆ ಬೆಳೆ ವಿಮೆ ಬೇರೆ ಇದೆ, ಅದರ ಕಂತಿನ ಅರ್ಧಕ್ಕೂ ಹೆಚ್ಚು ಭಾಗವನ್ನು ಸರ್ಕಾರವೇ ಕಟ್ಟುತ್ತದೆ. ಆ ಮಾತು ಇಲ್ಲಿಗೆ ಸಾಕು.

ಅಕ್ಕಪಕ್ಕದ ಕೌಂಟಿಗಳ ಅಂತರ ದೊಡ್ಡ ರಾದ್ಧಾಂತವಾದ ಮೇಲೆ 2018ರ ಕೃಷಿ ಕಾಯ್ದೆ ಕೆಲವು ತೇಪೆ ಹಾಕಿತು. ಮೊದಲು ರೈತನ ಕಡತ ಯಾವ ಕೌಂಟಿ ಕಚೇರಿಯಲ್ಲಿದೆಯೋ ಅಲ್ಲಿನ ಲೆಕ್ಕ. ಈಗ ಹೊಲ ನಿಜವಾಗಿ ಎಲ್ಲಿದೆಯೋ ಅಲ್ಲಿಯ ಲೆಕ್ಕ. ಇಳುವರಿಯ ಅಂಕಿಗೆ ರೈತರು ಉತ್ತರಿಸಲು ಬೇಸರಪಡುತ್ತಿದ್ದ ಸಮೀಕ್ಷೆಗಳ ಬದಲು ಬೆಳೆ ವಿಮೆಯ ದತ್ತಾಂಶಕ್ಕೆ ಆದ್ಯತೆ. ತೀರಾ ದೊಡ್ಡ ಕೌಂಟಿಗಳಲ್ಲಿ 25ರವರೆಗೆ ಒಡೆದು ಎರಡು ಲೆಕ್ಕ ಮಾಡಲೂ ಅವಕಾಶವಾಯಿತು. ಗಡಿ ಎಲ್ಲೇ ಎಳೆದರೂ ಅದರ ಎರಡೂ ಬದಿಗೆ ಯಾರಾದರೂ ಇದ್ದೇ ಇರುತ್ತಾರೆ ಎಂಬ ತೊಂದರೆಗೆ ತೇಪೆ ಸಿಕ್ಕಿಲ್ಲ.

ಸೇತುವೆ ಯಾವ ದಡದಿಂದ ಯಾವ ದಡಕ್ಕೆ?

2025ರ ಜುಲೈ 4ರಂದು ಸಹಿಯಾದ ಬೃಹತ್ ತೆರಿಗೆ–ವೆಚ್ಚ ಕಾನೂನಿನಲ್ಲಿ ಆಧಾರ ಬೆಲೆಗಳು ಏರಿದವು. ಮೆಕ್ಕೆಜೋಳ 3.70ರಿಂದ 4.10 ಡಾಲರ್, ಸೋಯಾ 8.40ರಿಂದ 10, ಗೋಧಿ 5.50ರಿಂದ 6.35. ಕೌಂಟಿ ಖಾತರಿ ಶೇ 86ರಿಂದ 90ಕ್ಕೆ ಹೋಯಿತು. ಒಬ್ಬ ವ್ಯಕ್ತಿಗೆ ವರ್ಷಕ್ಕೆ ಇದ್ದ ಮಿತಿ 1.25 ಲಕ್ಷ ಡಾಲರಿನಿಂದ 1.55 ಲಕ್ಷಕ್ಕೆ. ಆದರೆ 2025ರ ಬೆಳೆಯ ಬೆಲೆ ಸರಾಸರಿ ಗೊತ್ತಾಗಲು ಇಡೀ ಮಾರಾಟ ವರ್ಷ ಮುಗಿಯಬೇಕು. ಹಣ ಬರುವುದು 2026ರ ಅಕ್ಟೋಬರ್ ನಂತರ. ಬೀಜ, ಗೊಬ್ಬರದ ಸಾಲಕ್ಕೆ ಬ್ಯಾಂಕಿನ ಮುಂದೆ ಕೂರಬೇಕಾದದ್ದು ಜನವರಿ, ಫೆಬ್ರುವರಿಯಲ್ಲಿ. ಆ ನಡುವಿನ ಹಳ್ಳ ದಾಟಲು ಹಾಕಿದ ಹಲಗೆಯೇ ಈ 1,200 ಕೋಟಿ. 2026ರ ಫೆಬ್ರುವರಿ 28ರೊಳಗೆ ಖಾತೆಗೆ ಎಂದು ಗಡುವು ಇಟ್ಟದ್ದು ಆ ಕಾರಣಕ್ಕೇ.

ಪರ, ವಿರೋಧ

ಸಮರ್ಥಕರ ವಾದ ನೇರವಾಗಿದೆ. ಚೀನಾ ಅಮೆರಿಕದ ಸೋಯಾ ರಫ್ತಿನ ಅರ್ಧದಷ್ಟನ್ನು ಕೊಳ್ಳುತ್ತಿತ್ತು. ಖರೀದಿ ನಿಂತದ್ದು ರೈತನ ತಪ್ಪಿನಿಂದಲ್ಲ, ಸರ್ಕಾರದ ಸುಂಕ ನೀತಿಯಿಂದ. ನಷ್ಟ ತಂದವರು ತುಂಬಿಕೊಡಬೇಕು. ಸೋಯಾ ಮತ್ತು ಮೆಕ್ಕೆಜೋಳ ಬೆಳೆಗಾರರ ಸಂಘಗಳು ಹಣ ಪಡೆದೂ ತೃಪ್ತಿಪಟ್ಟಿಲ್ಲ. ನಮಗೆ ಬೇಕಾದದ್ದು ಮಾರುಕಟ್ಟೆ, ಚೆಕ್ ಅಲ್ಲ ಎನ್ನುತ್ತವೆ. ಬ್ರೆಜಿಲ್‌ನತ್ತ ತಿರುಗಿದ ಚೀನಾದ ಗಿರಾಕಿಗಳು ಪೂರ್ತಿ ಮರಳುತ್ತಾರೆಂಬ ಭರವಸೆ ಅವರಿಗೂ ಇಲ್ಲ. 2018ರ ಪೆಟ್ಟಿನಿಂದಲೇ ಬೆಳೆಗಾರರು ಪೂರ್ತಿ ಚೇತರಿಸಿಕೊಂಡಿರಲಿಲ್ಲ.

ವಿರೋಧಿಗಳಲ್ಲಿ ಎರಡು ಬಣ. ಮುಕ್ತ ಮಾರುಕಟ್ಟೆಯವರಿಗೆ ಇದು ಸರ್ಕಾರ ತಾನೇ ಮುರಿದ ಕಾಲಿಗೆ ತಾನೇ ಊರುಗೋಲು ಮಾರುವ ವ್ಯವಹಾರ. ಎನ್ವಿರಾನ್‌ಮೆಂಟಲ್ ವರ್ಕಿಂಗ್ ಗ್ರೂಪ್‌ನಂಥ ಸಂಸ್ಥೆಗಳಿಗೆ ಹಂಚಿಕೆಯೇ ಅನ್ಯಾಯ: ಅವರು ವರ್ಷಗಳಿಂದ ಕೌಂಟಿವಾರು ಪ್ರಕಟಿಸುತ್ತಿರುವ ಪಟ್ಟಿಗಳ ಪ್ರಕಾರ ಬೆಳೆ ಸಹಾಯಧನದ ಮುಕ್ಕಾಲು ಪಾಲಿನಷ್ಟು ಮೇಲಿನ ಶೇ 10ರಷ್ಟು ಫಲಾನುಭವಿಗಳಿಗೆ ಹೋಗಿದೆ. ಎಕರೆಗೆ ಇಷ್ಟು ಎಂದು ಕೊಟ್ಟರೆ ಎಕರೆ ಹೆಚ್ಚಿದ್ದವನಿಗೆ ಹೆಚ್ಚು ಹೋಗುವುದು ಸಹಜ. ಮಿತಿ ಇದೆಯಲ್ಲ ಎಂದರೆ, ಮಿತಿ ವ್ಯಕ್ತಿಗೆ. ಪಾಲುದಾರಿಕೆಯಲ್ಲಿ ನಾಲ್ವರಿದ್ದರೆ ನಾಲ್ಕು ಮಿತಿ. ಹೊಸ ಕಾನೂನು ಈ ಸೌಲಭ್ಯವನ್ನು ಇನ್ನೂ ಕೆಲವು ಬಗೆಯ ಕಂಪನಿಗಳಿಗೆ ವಿಸ್ತರಿಸಿತು.

ಎರಡೂ ಕಡೆಯವರು ಹೇಳುವುದರಲ್ಲಿ ಸತ್ಯವಿದೆ. ಆದರೆ ಹಣ ಯಾರ ಖಾತೆಗೆ ಬಂತು ಎಂಬುದಕ್ಕಿಂತ ಅಲ್ಲಿಂದ ಎಲ್ಲಿಗೆ ಹರಿಯಿತು ಎಂಬುದೇ ಮುಖ್ಯ ಎಂದು ನನಗನ್ನಿಸುತ್ತದೆ.

ಹಣ ಎಲ್ಲಿ ಇಂಗುತ್ತದೆ?

ಅಮೆರಿಕದ ಉಳುಮೆ ಭೂಮಿಯಲ್ಲಿ ಅರ್ಧಕ್ಕಿಂತ ಹೆಚ್ಚು ಗುತ್ತಿಗೆಯದು. ನಗದು ಗುತ್ತಿಗೆಯಲ್ಲಿ ಬೆಳೆಯ ಅಪಾಯ ಹೊರುವವನು ಗೇಣಿದಾರ, ಆದ್ದರಿಂದ ಸಹಾಯಧನವೂ ಅವನಿಗೇ. ಇಷ್ಟರಮಟ್ಟಿಗೆ ಅದು ನಮ್ಮ ಪಿಎಂ ಕಿಸಾನ್‌ಗಿಂತ ನ್ಯಾಯವಾಗಿದೆ: ವರ್ಷಕ್ಕೆ 6,000 ರೂಪಾಯಿಯ ಆ ಯೋಜನೆಯಲ್ಲಿ ಪಹಣಿಯಲ್ಲಿ ಹೆಸರಿಲ್ಲದ ಗುತ್ತಿಗೆ ರೈತ ಲೆಕ್ಕಕ್ಕೇ ಇಲ್ಲ. ಆದರೆ ಕೌಂಟಿಯ ಎಲ್ಲರಿಗೂ ಎಕರೆಗೆ ಎಷ್ಟು ಬಂತೆಂದು ಎಲ್ಲರಿಗೂ ಗೊತ್ತಿರುವ ಊರಿನಲ್ಲಿ, ಮುಂದಿನ ಗುತ್ತಿಗೆ ಮಾತುಕತೆಯಲ್ಲಿ ಭೂಮಾಲೀಕ ಅದನ್ನು ಮರೆತು ಕೂರುವುದಿಲ್ಲ. ಸಹಾಯಧನದ ಪ್ರತಿ ಡಾಲರಿನಲ್ಲಿ ಐದನೇ ಒಂದರಿಂದ ನಾಲ್ಕನೇ ಒಂದು ಭಾಗ ಬಾಡಿಗೆಯ ರೂಪದಲ್ಲಿ ಮಾಲೀಕರಿಗೆ ಸೇರುತ್ತದೆ ಎಂದು 2009ರ ಒಂದು ಅಧ್ಯಯನ ಅಂದಾಜಿಸಿತ್ತು. ಮಾಲೀಕ ಪೇಟೆಯಲ್ಲಿ ನೆಲೆಸಿದ ನಿವೃತ್ತ ರೈತ, ಅವನ ವಿಧವೆ, ದೂರದ ನಗರದಲ್ಲಿರುವ ಮಕ್ಕಳು, ಕೆಲವೊಮ್ಮೆ ಹೂಡಿಕೆ ನಿಧಿ.

ಉಳಿದದ್ದು ಬ್ಯಾಂಕ್ ಕಂತಿಗೆ, ಗೊಬ್ಬರದ ಅಂಗಡಿಗೆ, ಬೀಜದ ಕಂಪನಿಗೆ. ಬೆಲೆ ಬಿದ್ದಾಗ ಬಾಡಿಗೆಯೂ ಗೊಬ್ಬರವೂ ಇಳಿಯಬೇಕಿತ್ತು; ನೆರವು ಬರುತ್ತದೆಂಬ ನಂಬಿಕೆ ಇದ್ದಾಗ ಅವು ಇಳಿಯಲು ಆತುರಪಡುವುದಿಲ್ಲ. ಇಳಿಯದ ಖರ್ಚೇ ಮುಂದಿನ ವರ್ಷದ ‘ಸರಾಸರಿ ನಷ್ಟ’ದ ಲೆಕ್ಕಕ್ಕೆ ಹೋಗಿ, ಮುಂದಿನ ನೆರವಿಗೆ ಸಮರ್ಥನೆಯಾಗುತ್ತದೆ. 2024ರ ಡಿಸೆಂಬರಿನಲ್ಲಿ ಸಂಸತ್ತು 1,000 ಕೋಟಿ ಡಾಲರಿನ ಇಂಥದೇ ಎಕರೆವಾರು ನೆರವನ್ನು ಮಂಜೂರು ಮಾಡಿತ್ತು. ಆಗ ಮೆಕ್ಕೆಜೋಳಕ್ಕೆ ಸಿಕ್ಕಿದ್ದು 42.91 ಡಾಲರ್, ಸೋಯಾಗೆ 29.76. 2025ರ ಅಂಕಿಗಳ ಪಕ್ಕದಲ್ಲಿಟ್ಟು ನೋಡಿದರೆ ಸುಂಕ ಸಮರ ಇದ್ದ ವರ್ಷಕ್ಕೂ ಇಲ್ಲದ ವರ್ಷಕ್ಕೂ ವ್ಯತ್ಯಾಸ ಎಕರೆಗೆ ಒಂದೂವರೆ ಡಾಲರ್ ಕೂಡ ಇಲ್ಲ.

ನಮ್ಮ ಹತ್ತಿಗೂ ಇದಕ್ಕೂ

ರಾಯಚೂರು, ಯಾದಗಿರಿ, ಕಲಬುರಗಿಯ ಹತ್ತಿ ಬೆಳೆಗಾರನಿಗೆ ಇಲಿನಾಯ್ಸ್‌ಗಿಂತ ಹತ್ತಿ ಬೆಳೆಯುವ ಟೆಕ್ಸಸ್ ಹತ್ತಿರ. ಎಕರೆಗೆ 117.35 ಡಾಲರ್ ಅಂದರೆ ಹತ್ತು ಸಾವಿರ ರೂಪಾಯಿ ದಾಟುತ್ತದೆ. 2025ರ ಆಗಸ್ಟ್ 19ರಿಂದ ಭಾರತ ಹತ್ತಿಯ ಮೇಲಿನ ಶೇ 11ರ ಆಮದು ಸುಂಕವನ್ನು ಕೈಬಿಟ್ಟು, ವಿನಾಯಿತಿಯನ್ನು ಡಿಸೆಂಬರ್ 31ರವರೆಗೆ ವಿಸ್ತರಿಸಿತು. ನಮ್ಮಲ್ಲಿ ಹತ್ತಿ ಬಿಡಿಸಿ ಮಾರುಕಟ್ಟೆಗೆ ತರುವ ತಿಂಗಳುಗಳೂ ಅವೇ. ಬೆಲೆ ಕೈಕೊಟ್ಟರೂ ನಷ್ಟದ ಒಂದು ಪಾಲು ಸರ್ಕಾರದಿಂದ ಬರುತ್ತದೆಂದು ಗೊತ್ತಿರುವ ಟೆಕ್ಸಸ್ ರೈತ ಬಿತ್ತನೆ ತಗ್ಗಿಸುವ ಒತ್ತಡದಲ್ಲಿಲ್ಲ. ಅವನ ಹತ್ತಿ ಬಂದಿಳಿಯುವ ಮಾರುಕಟ್ಟೆಯಲ್ಲೇ, 2025–26ರಲ್ಲಿ ಉದ್ದ ಎಳೆಯ ಹತ್ತಿಗೆ ಕ್ವಿಂಟಲ್‌ಗೆ 8,110 ರೂಪಾಯಿ ಇದ್ದ ಬೆಂಬಲ ಬೆಲೆ ನಂಬಿದ ನಮ್ಮ ರೈತ ಭಾರತೀಯ ಹತ್ತಿ ನಿಗಮದ ಖರೀದಿ ಕೇಂದ್ರದ ಮುಂದೆ ಸಾಲು ನಿಂತ. ಅಮೆರಿಕದ ಹತ್ತಿ ಸಹಾಯಧನದ ವಿರುದ್ಧ ಬ್ರೆಜಿಲ್ 2002ರಲ್ಲಿ ವಿಶ್ವ ವ್ಯಾಪಾರ ಸಂಸ್ಥೆಗೆ ಹೋಗಿ ಗೆದ್ದಿತ್ತು. ಕೊನೆಗೆ 2014ರಲ್ಲಿ 30 ಕೋಟಿ ಡಾಲರ್ ಪಡೆದು ರಾಜಿಯಾಯಿತು.

ಮುಂದೇನು?

ಜುಲೈ ಕಾನೂನಿನ ಒಂದು ಷರತ್ತು ಹೆಚ್ಚು ಚರ್ಚೆಯಾಗಲಿಲ್ಲ. ಹೊಸದಾಗಿ 3 ಕೋಟಿ ಎಕರೆಯವರೆಗೆ ಬೇಸ್ ಸೇರಿಸಬಹುದು. ಯಾರಿಗೆ? 2019ರಿಂದ 2023ರವರೆಗೆ ಬೇಸ್‌ಗಿಂತ ಹೆಚ್ಚು ಎಕರೆ ಬಿತ್ತಿದ ಜಮೀನುಗಳಿಗೆ. ಹುಲ್ಲುಗಾವಲು ಒಡೆದು ಬಿತ್ತಿದವನಿಗೂ ಇದರಲ್ಲಿ ಪಾಲಿದೆ, ಹುಲ್ಲುಗಾವಲು ಉಳಿಸಿಕೊಂಡವನಿಗೆ ಇಲ್ಲ. ಆ ಐದು ವರ್ಷ ಬಿತ್ತಿದವನು ಗೇಣಿದಾರನಾಗಿರಬಹುದು. ಬೇಸ್ ಎಕರೆ ಮಾತ್ರ ಜಮೀನಿಗೆ ಅಂಟಿಕೊಳ್ಳುತ್ತದೆ. ಹೊಸ ಬೇಸ್ ಬೇಡವೆನ್ನುವ ಹಕ್ಕನ್ನೂ ಕಾನೂನು ಕೊಟ್ಟಿರುವುದು ಮಾಲೀಕನಿಗೆ. ಮುಂದಿನ ಗುತ್ತಿಗೆ ಕರಾರಿಗೆ ಇಬ್ಬರೂ ಎದುರುಬದುರು ಕೂತಾಗ, ಎಕರೆ ದರದ ಜೊತೆಗೆ ಈ ಕಾಗದವೂ ಮೇಜಿನ ಮೇಲಿರುತ್ತದೆ.